ತೂಕ ಮತ್ತು ಅಳತೆ: ಮಗುವಿನ ಆಹಾರದಲ್ಲಿ ದಂಪತಿಗಳು ಗಮನಿಸಬೇಕಾದ ಅಂಶಗಳು

ದಿನಸಿಯನ್ನು ಅಂಗಡಿಯಲ್ಲಿ ಕಿಲೋಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತೇವೆ. ಅಡಿಗೆಮನೆಯಲ್ಲಿ ಅದನ್ನೇ ಪಾವು, ಲೋಟ, ಚಮಚಗಳಿಂದ ಅಳೆಯುತ್ತೇವೆ. ದೊಡ್ಡವರ ಊಟದಲ್ಲಿ ಒಂದು ಹಿಡಿ ಹೆಚ್ಚು ಕಡಿಮೆಯಾದರೆ ಬಾಧಕವಿಲ್ಲ. ಆದರೆ ಎಳೆಯ ಮಗುವಿನ ಗಂಜಿಯಲ್ಲಿ ದಿನವೂ ಹಿಟ್ಟು ಕಡಿಮೆಯಾದರೆ ಮಗು ಸೊರಗುತ್ತದೆ. ಭೇದಿಯಾದಾಗ ಕುಡಿಸುವ ನೀರಿನಲ್ಲಿ ಉಪ್ಪು ಹೆಚ್ಚಾದರೆ ಪ್ರಾಣಕ್ಕೇ ಅಪಾಯ ಒದಗಬಹುದು. ಆದುದರಿಂದ ತೂಕಕ್ಕೂ ಅಳತೆಗೂ ಇರುವ ಸಂಬಂಧವನ್ನು ಪತಿ ಪತ್ನಿಯರಿಬ್ಬರೂ ಅರಿತಿರುವುದು ಅವಶ್ಯಕ.

ಲೋಟ ಒಂದೇ, ತೂಕ ಹಲವು

250 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ನೀರು ತುಂಬಿದರೆ ಅದರ ತೂಕ 250 ಗ್ರಾಂ. ಅದೇ ಲೋಟದಲ್ಲಿ ಉಪ್ಪು ಸುಮಾರು 300 ಗ್ರಾಂ, ಅಕ್ಕಿ ಸುಮಾರು 200 ಗ್ರಾಂ, ರಾಗಿಹಿಟ್ಟು ಸುಮಾರು 140 ಗ್ರಾಂ ತೂಗುತ್ತವೆ. ಈಗ ಪೇಟೆಯಲ್ಲಿ ದೊರೆಯುವ ಓಟ್ಸ್ ಅವಲಕ್ಕಿಯಂತೆ ಚಪ್ಪಟೆಯಾಗಿರುವುದರಿಂದ ಸುಮಾರು 90 ಗ್ರಾಂ ಮಾತ್ರ ಹಿಡಿಯುತ್ತದೆ. ಕಣಗಳ ನಡುವೆ ಗಾಳಿ ಹೆಚ್ಚಿದ್ದಷ್ಟೂ ತೂಕ ಕಡಿಮೆ. ಹಿಟ್ಟನ್ನು ಒತ್ತಿ ತುಂಬಿದರೆ ತೂಕ ಹೆಚ್ಚುತ್ತದೆ. ಆದ್ದರಿಂದ ಹಿಟ್ಟನ್ನು ಸಡಿಲವಾಗಿ ತುಂಬಿ, ಮೇಲ್ಭಾಗವನ್ನು ಬೆರಳಿನಿಂದ ಸವರಿ ಸಮ ಮಾಡಿಯೇ ಅಳೆಯಬೇಕು.

ತಕ್ಕಡಿಯಿಲ್ಲದೆ ತೂಕ ತಿಳಿಯುವ ವಿಧಾನ

ಒಂದು ಕಿಲೋಗ್ರಾಂ ರಾಗಿಹಿಟ್ಟಿನ ಪೊಟ್ಟಣವನ್ನು ತೆಗೆದುಕೊಂಡು, ಅದು ನಿಮ್ಮ ಮನೆಯ ಲೋಟದಿಂದ ಎಷ್ಟು ಬಾರಿ ಅಳೆಯುವಷ್ಟಿದೆ ಎಂದು ಎಣಿಸಿರಿ. 1000ವನ್ನು ಆ ಸಂಖ್ಯೆಯಿಂದ ಭಾಗಿಸಿರಿ. ಏಳು ಲೋಟವಾದರೆ ಒಂದು ಲೋಟದ ತೂಕ ಸುಮಾರು 143 ಗ್ರಾಂ. ಬೇಳೆ, ಅಕ್ಕಿ, ಸಕ್ಕರೆಗಳಿಗೂ ಇದೇ ಕ್ರಮ. ಒಂದು ಪದಾರ್ಥಕ್ಕೆ ದೊರೆತ ಲೆಕ್ಕವನ್ನು ಮತ್ತೊಂದಕ್ಕೆ ಅನ್ವಯಿಸಬಾರದು.

ಮಗುವಿನ ಗಂಜಿ

ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೇ ಸಾಕು. ಅನಂತರ ಎದೆಹಾಲಿನೊಡನೆ ಗಟ್ಟಿ ಆಹಾರವೂ ಬೇಕು. ಒಂಬತ್ತರಿಂದ ಹನ್ನೊಂದು ತಿಂಗಳ ಮಗುವಿಗೆ ಎದೆಹಾಲನ್ನು ಬಿಟ್ಟು ದಿನಕ್ಕೆ ಸುಮಾರು 300 ಕ್ಯಾಲೊರಿ ದೊರೆಯಬೇಕು. 20 ಗ್ರಾಂ ರಾಗಿಹಿಟ್ಟಿನಿಂದ ಸುಮಾರು 64, ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪದಿಂದ ಸುಮಾರು 40 ಕ್ಯಾಲೊರಿ ಸಿಗುತ್ತವೆ. ಹೀಗೆ ಮೂರು ಹೊತ್ತು ಉಣಿಸಿದರೆ ಆವಶ್ಯಕತೆ ಪೂರೈಸುತ್ತದೆ. ಮೇಲಿನ ಲೋಟದ ಹಿಟ್ಟು ಏಳು ಹೊತ್ತಿಗೆ ಸಾಲುತ್ತದೆ. ಅಷ್ಟೇ ಹಿಟ್ಟಿಗೆ ನೀರು ಹೆಚ್ಚು ಬೆರೆಸಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಪೋಷಣೆ ಹೆಚ್ಚುವುದಿಲ್ಲ. ಗಂಜಿ ಚಮಚದಿಂದ ಸುಲಭವಾಗಿ ಜಾರದಷ್ಟು ಗಟ್ಟಿಯಾಗಿರಲಿ. ಬೇಳೆ, ಸೊಪ್ಪು, ಮೊಟ್ಟೆಗಳನ್ನೂ ಸರದಿಯಂತೆ ಸೇರಿಸಿರಿ.

ಭೇದಿಯಾದಾಗ

ಓ.ಆರ್.ಎಸ್. ಪುಡಿಯೇ ಅತ್ಯುತ್ತಮ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿಯೇ ಕರಗಿಸಬೇಕು. ಅಂದಾಜಿನಿಂದ ಸ್ವಲ್ಪ ಪುಡಿಯನ್ನು ಒಂದು ಲೋಟಕ್ಕೆ ಹಾಕಬಾರದು. ಪೊಟ್ಟಣ ಕೂಡಲೇ ದೊರೆಯದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿರಿ. ಚಮಚ ಸಮವಾಗಿರಲಿ, ಗೋಪುರದಂತೆ ತುಂಬಿದ ಚಮಚದಲ್ಲಿ ಉಪ್ಪು ಇಮ್ಮಡಿಯಾಗಬಹುದು. ಈ ನೀರು ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ, ಹೊಸದಾಗಿ ತಯಾರಿಸಿರಿ. 24 ಗಂಟೆ ಕಳೆದ ನೀರನ್ನು ಕೊಡಬಾರದು. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ.

ಈ ಕೆಲಸಕ್ಕಾಗಿ ಒಂದು ಲೋಟವನ್ನೂ ಒಂದು ಚಮಚವನ್ನೂ ಬೇರೆಯಾಗಿ ಇಟ್ಟುಕೊಳ್ಳಿರಿ. ಲೀಟರ್ ಬಾಟಲಿಯ ನೀರು ಆ ಲೋಟಕ್ಕೆ ಸರಿಯಾಗಿ ನಾಲ್ಕು ಸಲ ತುಂಬಿದರೆ ಅದು 250 ಮಿಲಿಲೀಟರಿನದು. ತಾಯಿ ಹೊಲಕ್ಕೋ ಕೂಲಿಗೋ ಹೋದ ದಿನ ತಂದೆಯೂ ಅದೇ ಅಳತೆಯಿಂದ ಮಗುವಿಗೆ ಉಣಿಸಬಲ್ಲವನಾಗಿರಬೇಕು. ಸಂದೇಹವಿದ್ದಲ್ಲಿ ನಿಮ್ಮ ಊರಿನ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.