ಪುಡಿ ಬೇಡ, ಒಂದು ಮೀಟಿಂಗ್‌ಗೆ ಹೋಗಿ ಬನ್ನಿ

ನಮ್ಮ ಮಹಡಿ ಮನೆ ಅಕ್ಕ ಒಂದು ಮಧ್ಯಾಹ್ನ ನನ್ನ ಜೊತೆ ಅವರೆಕಾಳು ಹಿತುಕುತ್ತಾ ಕೂತಿದ್ದವರು, ಪರ್ಸಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದರು. ಒಳಗೆ ಬೂದು ಬಣ್ಣದ ಪುಡಿ. ‘ಸಾರಿಗೆ ಬೆರೆಸಿಬಿಟ್ಟರೆ ಸಾಕಂತೆ ಕಣೇ, ಕುಡಿಯೋದು ತಾನಾಗೇ ನಿಂತುಹೋಗುತ್ತಂತೆ. ಅವರಿಗೆ ಗೊತ್ತೇ ಆಗಲ್ಲವಂತೆ’ ಅಂದರು. ಹೇಳುವಾಗ ಅವರ ಕೈ ನಡುಗುತ್ತಿತ್ತು.

ನಿಮ್ಮ ಕೈಗೂ ಯಾರಾದರೂ ಇಂಥ ಪೊಟ್ಟಣ ಕೊಟ್ಟಿದ್ದರೆ ದಯವಿಟ್ಟು ಕಸದ ಬುಟ್ಟಿಗೆ ಹಾಕಿ. ಅದರಲ್ಲಿ ಏನಿದೆ ಅಂತ ಮಾರಿದವನೂ ಹೇಳಲ್ಲ. ಡೈಸಲ್ಫಿರಾಮ್ ಅನ್ನೋ ಔಷಧಿ ಬೆರೆತಿದ್ದು, ಗೊತ್ತಿಲ್ಲದೆ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಇಳಿದು ಪ್ರಾಣಕ್ಕೇ ಬರಬಹುದು. ಡಾಕ್ಟರುಗಳು ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡೋದು.

‘ಹಾಗಾದ್ರೆ ನಾನೇನು ಮಾಡ್ಲಿ?’ ಅಂದರು ಅಕ್ಕ. ನಮ್ಮ ಫ್ಯಾಮಿಲಿ ಡಾಕ್ಟರನ್ನು ಕೇಳಿದಾಗ ಅವರು ಹೇಳಿದ್ದು ಎರಡೇ ಅಕ್ಷರ, ‘ಎ.ಎ.’. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಕಷ್ಟ ಹೇಳಿಕೊಂಡದ್ದರಿಂದ ಶುರುವಾದ ಕೂಟ ಇದು. ಫೀಸಿಲ್ಲ, ಹೆಸರು ವಿಳಾಸ ಕೇಳಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು, ಸದಸ್ಯರೇ. ಗಂಡಸರು, ಹೆಂಗಸರು ಅನ್ನೋ ಭೇದ ಇಲ್ಲ.

ನಮ್ಮ ಹತ್ತಿರದ ಮೀಟಿಂಗ್ ಹುಡುಕೋದೇ ಒಂದು ಕಥೆಯಾಯ್ತು. ಯಾರೋ ಕೊಟ್ಟ ಹಳೇ ವಿಳಾಸ ಹಿಡ್ಕೊಂಡು ಆಟೋ ಮಾಡ್ಕೊಂಡು ಹೋದರೆ ಬಾಗಿಲಿಗೆ ಬೀಗ! ವಾರವೇ ಬದಲಾಗಿತ್ತಂತೆ. ಅದಕ್ಕೇ ಹೇಳೋದು, ಹೊರಡೋ ದಿನವೇ ಫೋನ್ ಮಾಡಿ ಕೇಳಿ. ಎ.ಎ.ಯ ಭಾರತದ ವೆಬ್‌ಸೈಟಿನಲ್ಲಿ ಊರಿನ ಹೆಸರು ನೋಡಿ ಸಹಾಯವಾಣಿಗೆ ಕರೆ ಮಾಡಬಹುದು. ಫೋನ್ ಎತ್ತೋರೂ ಸಾಮಾನ್ಯವಾಗಿ ಒಂದು ಕಾಲಕ್ಕೆ ಕುಡಿದು ಬಿಟ್ಟವರೇ, ಹಾಗಾಗಿ ನಾಚಿಕೊಳ್ಳಬೇಕಿಲ್ಲ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಗುಂಪುಗಳಿವೆ. ಯಾವ ಭಾಷೆ ಅಂತ ಮೊದಲೇ ಕೇಳಿಕೊಳ್ಳಿ. ಎಷ್ಟೋ ಕಡೆ ಚರ್ಚಿನ ಇಲ್ಲವೇ ಶಾಲೆಯ ರೂಮಿನಲ್ಲಿ ಕೂಡುತ್ತಾರೆ. ಅದನ್ನು ನೋಡಿ ಅಕ್ಕ ‘ಮತಾಂತರ ಮಾಡಿಸಿಬಿಡ್ತಾರೇನೇ?’ ಅಂತ ಗಾಬರಿಯಾಗಿದ್ದರು. ಹಾಗೇನಿಲ್ಲ, ಅವರಿಗೆ ಸಿಕ್ಕ ಜಾಗ ಅಷ್ಟೇ. ದೇವರ ಮಾತು ಬರುತ್ತೆ, ಆದರೆ ಅವರವರು ನಂಬಿದ ದೇವರು.

ಇನ್ನೊಂದು ಮುಖ್ಯ ಪ್ರಶ್ನೆ, ಅದು ‘ಓಪನ್’ ಮೀಟಿಂಗೋ ‘ಕ್ಲೋಸ್ಡ್’ ಮೀಟಿಂಗೋ? ಓಪನ್ ಆದರೆ ನಾವೂ ಹೋಗಿ ಕೂರಬಹುದು. ಕ್ಲೋಸ್ಡ್ ಆದರೆ ಕುಡಿತದ ಸಮಸ್ಯೆ ಇರೋರಿಗೆ ಮಾತ್ರ. ನಮಗೆ ಎರಡನೇ ಸಲ ಆದದ್ದೂ ಅದೇ. ಬಾಗಿಲಲ್ಲೇ ಒಬ್ಬರು ‘ಇದು ನಮ್ಮಂಥವರಿಗೆ ತಾಯಿ, ನಿಮ್ಮಂಥವರಿಗೆ ಬೇರೆ ಇದೆ’ ಅಂತ ಅಲ್-ಅನಾನ್ ವಿಷಯ ಹೇಳಿದರು.

ನನಗಂತೂ ಇದು ಹೊಸ ಸುದ್ದಿ. ಕುಡಿಯುವವರ ಹೆಂಡತಿ, ತಾಯಿ, ಅಕ್ಕತಂಗಿಯರಿಗೇ ಒಂದು ಕೂಟ! ಬಿಲ್ ವಿಲ್ಸನ್ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬರ ಜೊತೆ ಶುರುಮಾಡಿದ್ದು. ಗಂಡ ಕುಡಿತ ಬಿಟ್ಟ ಮೇಲೂ ಆಕೆಗೆ ಸಿಟ್ಟು ಇಳಿದಿರಲಿಲ್ಲವಂತೆ. ‘ನಿನ್ನ ಹಾಳು ಮೀಟಿಂಗು’ ಅಂತ ಒಂದು ಸಲ ಬೂಟನ್ನೇ ಎಸೆದಿದ್ದಳಂತೆ. ಪಾಪ, ಅರ್ಥವಾಗುತ್ತೆ ಬಿಡಿ.

ರಾಯರು ‘ನನಗೇನಾಗಿದೆ ರೋಗ?’ ಅಂತ ಬರಲಿಲ್ಲ. ಅಕ್ಕ ಒಬ್ಬರೇ ಹೋದರು, ನಾನು ಹೊರಗೆ ಬೆಂಚಿನ ಮೇಲೆ ಕಾದೆ. ಹೊರಗೆ ಬಂದಾಗ ಅತ್ತು ಅತ್ತು ಕಣ್ಣು ಊದಿತ್ತು. ‘ಆಫೀಸಿಗೆ ಜ್ವರ ಅಂತ ಸುಳ್ಳು ಫೋನ್ ಮಾಡೋದು, ಸಾಲ ತೀರಿಸೋದು, ಎಲ್ಲಾ ನಾನೊಬ್ಬಳೇ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ಕಣೇ. ಅಲ್ಲಿ ಎಲ್ಲರೂ ಅದನ್ನೇ ಮಾಡಿದೋರು’ ಅಂದರು. ಆಮೇಲೆ ಅವರು ಆ ಸುಳ್ಳು ಫೋನ್ ಮಾಡೋದನ್ನ ನಿಲ್ಲಿಸಿದರು. ನನ್ನ ಪ್ರಕಾರ ಆ ಮನೆಯಲ್ಲಿ ಮೊದಲು ಬದಲಾಗಿದ್ದು ಅದೇ.

ಗುಂಪೇ ಇಲ್ಲದ ಊರಿನವರು ಏನು ಮಾಡೋದು? ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಿನಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತೆ. ಬಿಟ್ಟವರಿಗೆ ನವಜೀವನ ಸಮಿತಿಗಳೂ ಇವೆ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡಕ್ಕೂ ಕಾಸಿಲ್ಲ.

ಆದರೆ ಒಂದು ಎಚ್ಚರಿಕೆ. ದಿನಾ ವಿಪರೀತ ಕುಡಿಯುವವರು ಹರಕೆ ಹೊತ್ತ ಹಾಗೆ ಒಂದೇ ದಿನಕ್ಕೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣೋದು ಶುರುವಾಗಬಹುದು. ಅದು ದೆವ್ವ ಅಲ್ಲ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮೀಟಿಂಗ್ ಯಾವತ್ತೂ ಡಾಕ್ಟರಿಗೆ ಬದಲಿ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ.

ಈಗ ಗುರುವಾರ ಸಂಜೆ ಅಕ್ಕ ಬೀಗದ ಕೈ ನಮ್ಮ ಮನೆಯಲ್ಲಿ ಕೊಟ್ಟು ಹೊರಡುತ್ತಾರೆ. ರಾಯರು ಬಿಟ್ಟಿದ್ದಾರಾ ಅಂದರೆ, ಇಲ್ಲ. ಹೋದ ವಾರ ಬೀಗದ ಕೈ ಇಸ್ಕೊಳ್ಳೋಕೆ ಬಂದವರು ಬಾಗಿಲಲ್ಲೇ ನಿಂತು, ‘ಅಲ್ಲಿ ಗಂಡಸರದ್ದು ಯಾವ ವಾರವಮ್ಮಾ?’ ಅಂತ ಕೇಳಿದರು. ಸೋಮವಾರ ಅಂದೆ.