ಏರಿಸಿದ ಕರೆಂಟು ಇಳಿಯಬೇಕಲ್ಲ!

3ಡಿ ಪ್ರಿಂಟರಿನಲ್ಲಿ ತಯಾರಾದ ಡಬ್ಬಿಯ ಗೋಡೆಯನ್ನು ಓರೆ ಬೆಳಕಿಗೆ ಹಿಡಿದು ನೋಡಿ. ನುಣುಪಾಗಿರಬೇಕಾದ ಮೈಮೇಲೆ ಕೆಲವೊಮ್ಮೆ ಸಮ ಅಂತರದ ಸಣ್ಣ ಅಲೆಗಳು ಕಾಣುತ್ತವೆ. ಹವ್ಯಾಸಿಗಳ ವಲಯದಲ್ಲಿ ಇದಕ್ಕೆ ‘ಸಾಲ್ಮನ್ ಸ್ಕಿನ್’ ಎಂದೇ ಹೆಸರು. ಬೆಲ್ಟ್ ಸಡಿಲವಾಗಿರಬೇಕು, ಮೋಟಾರ್ ಕೆಟ್ಟಿರಬೇಕು ಎಂದು ಬಿಡಿಭಾಗ ಬದಲಿಸುತ್ತಾ ಹೋಗುವವರಿದ್ದಾರೆ. ಎಷ್ಟೋ ಸಲ ಬೆಲ್ಟೂ ಸರಿಯಿರುತ್ತದೆ, ಮೋಟಾರೂ ಸರಿಯಿರುತ್ತದೆ. ಮೋಟಾರಿಗೆ ಕರೆಂಟು ಕೊಡುವ ಡ್ರೈವರ್ ಚಿಪ್, ಕೊಟ್ಟ ಕರೆಂಟನ್ನು ಇಳಿಸುವಲ್ಲಿ ಎಡವಿರುತ್ತದೆ.

ಇಂಥ ಯಂತ್ರಗಳಲ್ಲಿರುವುದು ಸ್ಟೆಪ್ಪರ್ ಮೋಟಾರ್. ಸಾಮಾನ್ಯವಾಗಿ ಒಂದು ಹೆಜ್ಜೆಗೆ 1.8 ಡಿಗ್ರಿ, ಅಂದರೆ ಪೂರ್ತಿ ಸುತ್ತಿಗೆ 200 ಹೆಜ್ಜೆ. ಒಳಗಿನ ಎರಡು ಸುರುಳಿಗಳಲ್ಲಿ ಒಂದರ ಕರೆಂಟು ಏರುತ್ತಾ ಇನ್ನೊಂದರದು ಹದವಾಗಿ ಇಳಿಯುತ್ತಿದ್ದರೆ, ರೋಟರ್ ಎರಡು ಹೆಜ್ಜೆಗಳ ನಡುವೆಯೂ ನಿಲ್ಲಬಲ್ಲದು. ಒಂದು ಹೆಜ್ಜೆಯನ್ನು ಹೀಗೆ 16 ಅಥವಾ 32 ಪಾಲು ಮಾಡುವುದೇ ಮೈಕ್ರೋಸ್ಟೆಪ್ಪಿಂಗ್. ಇಲ್ಲಿ ಕರೆಂಟಿನ ಅಳತೆ ತಪ್ಪಿದರೆ ರೋಟರ್ ನಿಲ್ಲುವ ಜಾಗವೂ ತಪ್ಪುತ್ತದೆ.

ತೊಡಕಿರುವುದು ಸುರುಳಿಯ ಸ್ವಭಾವದಲ್ಲಿ. ಅದರಲ್ಲಿ ಒಮ್ಮೆ ಹರಿಯತೊಡಗಿದ ಕರೆಂಟು ಸ್ವಿಚ್ ಆರಿಸಿದೊಡನೆ ನಿಲ್ಲುವುದಿಲ್ಲ. ಕುಂಬಾರನ ತಿಗರಿ ಕೋಲು ತೆಗೆದ ಮೇಲೂ ತಿರುಗುತ್ತಿರುವ ಹಾಗೆ, ಕರೆಂಟೂ ಮುಂದುವರಿಯುತ್ತದೆ. ಅದನ್ನು ಇಳಿಸಲು ಎರಡು ದಾರಿಗಳಿವೆ. ಸುರುಳಿಯ ಸುತ್ತ ನಾಲ್ಕು ಟ್ರಾನ್ಸಿಸ್ಟರುಗಳಿರುತ್ತವೆ. ಕೆಳಗಿನ ಎರಡನ್ನು ಆನ್ ಮಾಡಿ ಸುರುಳಿಯ ಎರಡೂ ತುದಿಗಳನ್ನು ಸೇರಿಸಿಬಿಟ್ಟರೆ, ಕರೆಂಟು ಒಳಗೊಳಗೇ ಸುತ್ತುತ್ತಾ ತಂತಿಯ ರೋಧಕ್ಕೆ ಸಿಕ್ಕಿ ಮೆಲ್ಲಗೆ ಕರಗುತ್ತದೆ. ಇದು ಸ್ಲೋ ಡಿಕೇ. ಟ್ರಾನ್ಸಿಸ್ಟರುಗಳನ್ನು ಅದಲುಬದಲು ಮಾಡಿ ಸಪ್ಲೈ ವೋಲ್ಟೇಜನ್ನು ಪೂರ್ತಿಯಾಗಿ ಎದುರು ನಿಲ್ಲಿಸಿದರೆ ಕರೆಂಟು ಧಡಕ್ಕನೆ ಇಳಿಯುತ್ತದೆ, ಸುರುಳಿಯಲ್ಲಿದ್ದ ಶಕ್ತಿ ಸಪ್ಲೈನ ಕೆಪಾಸಿಟರಿಗೆ ವಾಪಸ್ಸಾಗುತ್ತದೆ. ಇದು ಫಾಸ್ಟ್ ಡಿಕೇ.

ಸ್ಲೋ ಡಿಕೇಯಲ್ಲಿ ಕರೆಂಟಿನ ಏರಿಳಿತ ಸಣ್ಣದು. ಸದ್ದು ಕಡಿಮೆ, ಬಿಸಿಯೂ ಕಡಿಮೆ. ಹಾಗಿದ್ದರೆ ಯಾವಾಗಲೂ ಅದನ್ನೇ ಬಳಸಬಾರದೇಕೆ? ಲೆಕ್ಕ ಹಾಕಿ ನೋಡೋಣ. 2.8 ಮಿಲಿಹೆನ್ರಿ ಇಂಡಕ್ಟೆನ್ಸ್, 1.65 ಓಮ್ ರೋಧವಿರುವ ಮೋಟಾರಿಗೆ 24 ವೋಲ್ಟ್ ಕೊಟ್ಟಿದ್ದೇವೆ ಎನ್ನಿ. ಕರೆಂಟು ಮೈಕ್ರೊಸೆಕೆಂಡಿಗೆ ಸುಮಾರು 8.6 ಮಿಲಿಆಂಪಿಯರ್ ಏರುತ್ತದೆ. ಗರಿಷ್ಠ 1 ಆಂಪಿಯರ್ ಆಗಿದ್ದು, 16 ಪಾಲಿನ ಮೈಕ್ರೋಸ್ಟೆಪ್ ಆದರೆ ಸೊನ್ನೆಯಿಂದ ಹೊರಟ ಮೊದಲ ಪಾಲಿಗೆ ಬೇಕಾದದ್ದು 0.1 ಆಂಪಿಯರ್ ಮಾತ್ರ.

ಕರೆಂಟನ್ನು ಬೇಕಾದ ಮಟ್ಟದಲ್ಲಿಡಲು ಡ್ರೈವರ್ ಸ್ವಿಚ್ಚನ್ನು ಮತ್ತೆ ಮತ್ತೆ ಹಾಕಿ ಆರಿಸುತ್ತಿರುತ್ತದೆ. ಹಾಕಿದ ಕ್ಷಣ ವಿದ್ಯುತ್ ಗದ್ದಲ ಎದ್ದೇ ಏಳುತ್ತದೆ. ಅದು ಅಡಗುವವರೆಗೆ ಚಿಪ್ ಕರೆಂಟನ್ನು ಅಳೆಯುವುದಿಲ್ಲ. ಅಳೆಯದೆ ಆರಿಸುವಂತೆಯೂ ಇಲ್ಲ. ಆ ಕುರುಡು ಅವಧಿ 1 ಮೈಕ್ರೊಸೆಕೆಂಡ್ ಎಂದಿಟ್ಟುಕೊಂಡರೂ ಪ್ರತಿ ಸಲ 8.6 ಮಿಲಿಆಂಪಿಯರ್ ಸೇರಿಯೇ ಸೇರುತ್ತದೆ. ಆಮೇಲೆ 30 ಮೈಕ್ರೊಸೆಕೆಂಡ್ ಸ್ಲೋ ಡಿಕೇ ಸಿಕ್ಕರೂ ಇಳಿಯುವುದು ಎರಡು-ಎರಡೂವರೆ ಮಿಲಿಆಂಪಿಯರ್. ಕರೆಂಟೇ ಕಡಿಮೆ ಇರುವಾಗ ರೋಧ ಅದನ್ನು ತಡೆಯುವುದೂ ಕಡಿಮೆ. ಒಳಬರುವುದು ಹೆಚ್ಚು, ಹೊರಹೋಗುವುದು ಕಮ್ಮಿ. ಟ್ರಾನ್ಸಿಸ್ಟರುಗಳ ರೋಧವನ್ನು ಸೇರಿಸಿಕೊಂಡರೂ ಎರಡೂ ಸರಿದೂಗುವುದು ಆಂಪಿಯರಿನ ಮೂರನೇ ಒಂದು ಭಾಗದ ಹತ್ತಿರ. ಮೋಟಾರ್ ನಿಧಾನವಾಗಿ ತಿರುಗುವಾಗ ಮೊದಲ ಮೂರು ಪಾಲುಗಳು ಕಾಗದದ ಮೇಲಷ್ಟೇ ಉಳಿಯುತ್ತವೆ. ರೋಟರ್ ಅಲ್ಲಿ ಹಾರಿ ಮುಂದಕ್ಕೆ ಹೋಗಿರುತ್ತದೆ, ಆ ಹಾರಾಟವೇ ಪ್ಲಾಸ್ಟಿಕ್ ಗೋಡೆಯ ಮೇಲೆ ಅಲೆಯಾಗಿ ಮೂಡುತ್ತದೆ.

ವೇಗ ಹೆಚ್ಚಾದಾಗ ತೊಂದರೆ ಬೇರೆಯದು. ಇದೇ ಮೋಟಾರ್ ಸೆಕೆಂಡಿಗೆ 5 ಸುತ್ತು ತಿರುಗಿದರೆ ಕರೆಂಟು ಗರಿಷ್ಠದಿಂದ ಸೊನ್ನೆಗೆ 1 ಮಿಲಿಸೆಕೆಂಡಿನಲ್ಲಿ ಇಳಿಯಬೇಕು. ಸ್ಲೋ ಡಿಕೇಯನ್ನೇ ನಂಬಿದರೆ ಅಷ್ಟರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಇಳಿದಿರುತ್ತದೆ. ತಿರುಗುವ ರೋಟರ್ ತಾನೇ ಹುಟ್ಟಿಸುವ ವೋಲ್ಟೇಜ್ ಕೂಡ ಇಳಿಕೆಗೆ ಅಡ್ಡ ಬರಬಹುದು.

ಹಾಗೆಂದು ಫಾಸ್ಟ್ ಡಿಕೇಯನ್ನೇ ಹಿಡಿದರೆ, 30 ಮೈಕ್ರೊಸೆಕೆಂಡಿನಲ್ಲಿ ಕಾಲು ಆಂಪಿಯರ್ ಕುಸಿಯುತ್ತದೆ. ಕರೆಂಟಿನ ಸರಾಸರಿ ತಗ್ಗುವುದರಿಂದ ಮೋಟಾರಿನ ಬಲವೂ ತಗ್ಗುತ್ತದೆ, ಕಬ್ಬಿಣದ ತಿರುಳು ಬಿಸಿಯಾಗುತ್ತದೆ, ಸದ್ದು ಹೆಚ್ಚುತ್ತದೆ.

ಆದ್ದರಿಂದ ಬಂದದ್ದು ಮಿಕ್ಸೆಡ್ ಡಿಕೇ: ಮೊದಲು ಸ್ವಲ್ಪ ಹೊತ್ತು ಫಾಸ್ಟ್, ಉಳಿದದ್ದು ಸ್ಲೋ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಸಿಗುವ ಎ4988 ಚಿಪ್ಪಿನಲ್ಲಿ ಆಫ್ ಅವಧಿಯ 31.25% ಫಾಸ್ಟ್ ಡಿಕೇಗೆ ಮೀಸಲು. ಆದರೆ ಸಾಮಾನ್ಯ ಜೋಡಣೆಯಲ್ಲಿ ಅದು ಕರೆಂಟು ಇಳಿಯುವ ಹಂತದಲ್ಲಿ ಮಾತ್ರ ಮಿಕ್ಸೆಡ್ ಬಳಸುತ್ತದೆ. ಏರುವ ಹಂತದಲ್ಲಿ ಸ್ಲೋ. ಮೇಲೆ ಲೆಕ್ಕ ಹಾಕಿದ ತೊಂದರೆ ಎದುರಾಗುವುದು ಅಲ್ಲೇ. ‘ರಾಸ್ಕ್’ ಎಂಬ ಪಿನ್ನನ್ನು ನೇರವಾಗಿ ಗ್ರೌಂಡಿಗೆ ಸೇರಿಸಿದರೆ ಏರಿಕೆ, ಇಳಿಕೆ ಎರಡರಲ್ಲೂ ಮಿಕ್ಸೆಡ್ ಡಿಕೇ ಜಾರಿಗೆ ಬರುತ್ತದೆ. ಒಂದು ತುಂಡು ತಂತಿಯ ಕೆಲಸ! ಡಿಆರ್‌ವಿ8825 ಚಿಪ್ಪಿನ ಡಿಕೇ ಪಿನ್ ಗ್ರೌಂಡಿಗಾದರೆ ಸ್ಲೋ, ಲಾಜಿಕ್ ವೋಲ್ಟೇಜಿಗಾದರೆ ಫಾಸ್ಟ್, ಎಲ್ಲಿಗೂ ಜೋಡಿಸದಿದ್ದರೆ ಮಿಕ್ಸೆಡ್. ಅಲ್ಲೂ ಕರೆಂಟು ಏರುವಾಗ ಸ್ಲೋ ಡಿಕೇಯೇ. ಇದಕ್ಕೆ ಪರಿಹಾರವಾಗಿ ಡ್ರೈವರ್ ಮತ್ತು ಮೋಟಾರಿನ ನಡುವೆ ಡಯೋಡ್ ಹಾಕುವ ಪುಟ್ಟ ಬೋರ್ಡುಗಳು ಬಂದವು. ಡಯೋಡಿನಲ್ಲಿ ಕಳೆದುಹೋಗುವ ಸುಮಾರು ಒಂದೂವರೆ ವೋಲ್ಟ್, ಕರೆಂಟು ಇಳಿಯಲು ನೆರವಾಗುವುದು ನಿಜ. ಆದರೂ ಅದು ಶಕ್ತಿಯನ್ನು ಬಿಸಿಯಾಗಿ ಪೋಲು ಮಾಡುವ ತೇಪೆ ಕೆಲಸ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದ ಟ್ರಿನಾಮಿಕ್ ಕಂಪನಿಯ ಸ್ಪ್ರೆಡ್‌ಸೈಕಲ್ ಹೆಚ್ಚು ಜಾಣ ವಿಧಾನ. ಅದು ಎರಡು ಸ್ಲೋ ಹಂತಗಳ ನಡುವೆ ಒಂದು ಫಾಸ್ಟ್ ಹಂತವನ್ನಿಟ್ಟು, ಅದರ ಉದ್ದವನ್ನು ಸಂದರ್ಭಕ್ಕೆ ತಕ್ಕಂತೆ ತಾನೇ ಹೊಂದಿಸಿಕೊಳ್ಳುತ್ತದೆ.

ಹೊಸದಾಗಿ ಯಂತ್ರ ಕಟ್ಟುವವರು ಮಿಕ್ಸೆಡ್ ಡಿಕೇಯಿಂದಲೇ ಶುರು ಮಾಡುವುದು ಒಳ್ಳೆಯದು. ಮೋಟಾರ್ ಒಂದೇ ಕಡೆ ಭಾರ ಹಿಡಿದು ನಿಲ್ಲುವುದೇ ಮುಖ್ಯ ಕೆಲಸವಾದರೆ ಸ್ಲೋ ಸಾಕು. ಸಪ್ಲೈ ವೋಲ್ಟೇಜನ್ನು 24ರಿಂದ 12ಕ್ಕೆ ಇಳಿಸಿದರೂ ಸಣ್ಣ ಕರೆಂಟಿನ ತಪ್ಪು ಅರ್ಧವಾಗುತ್ತದೆ, ಆದರೆ ವೇಗದಲ್ಲಿ ಬಲ ಸೋರಿಹೋಗುತ್ತದೆ. ಆಸಿಲೋಸ್ಕೋಪ್ ಇಲ್ಲದವರು ಮೋಟಾರಿನ ದಂಡಕ್ಕೆ ಉದ್ದನೆಯ ಕಡ್ಡಿಯೊಂದನ್ನು ಅಂಟಿಸಿ, ಒಂದೊಂದೇ ಮೈಕ್ರೋಸ್ಟೆಪ್ ಕೊಡುತ್ತಾ ಅದರ ತುದಿಯನ್ನು ಗಮನಿಸಿ. ನಾಲ್ಕು ಪಾಲು ಮಿಸುಕದೆ ಐದನೆಯದಕ್ಕೆ ನೆಗೆದರೆ, ಅಥವಾ ಮೊದಲ ಪಾಲಿಗೇ ಮೂರರಷ್ಟು ಹಾರಿದರೆ, ಹೊಸ ಮೋಟಾರಿಗೆ ದುಡ್ಡು ಹಾಕುವ ಮುನ್ನ ಡ್ರೈವರಿನ ಡೇಟಾಶೀಟಿನಲ್ಲಿ ಡಿಕೇ ಕುರಿತ ಪುಟವನ್ನು ಓದಿ.