ದೇಸೂರಿನ ಕರಿಕಲ್ಲು, ಜವಾರಿ ಕೋಳಿಯ ಕಾಲು

ಖಾನಾಪುರದ ಕಡೆ ಭತ್ತದ ನಾಟಿ ಮುಗಿದ ಮೇಲೆ ಗದ್ದೆಯ ಬದುವಿನಲ್ಲಿ ಒಮ್ಮೆ ಬಗ್ಗಿ ಕೆಸರನ್ನು ನೋಡಬೇಕು. ಬೆಳ್ಳಕ್ಕಿ ನಡೆದ ಗುರುತು, ಮನೆಯ ಕೋಳಿ ಕೆದಕಿ ಹೋದ ಗುರುತು ಅಲ್ಲಿ ಅಚ್ಚೊತ್ತಿರುತ್ತವೆ. ಮುಂದಕ್ಕೆ ಚಾಚಿದ ಮೂರು ಬೆರಳು, ಅದರಲ್ಲಿ ನಡುವಿನದು ಉದ್ದ. ಬೆರಳ ತುದಿಗೆ ಉಗುರು ಊರಿದ ಪುಟ್ಟ ಕುಳಿ.

ಇಂಥದೇ ಗುರುತುಗಳು ಅಮೆರಿಕದ ಕನೆಕ್ಟಿಕಟ್ ಕಣಿವೆಯ ಕಲ್ಲುಚಪ್ಪಡಿಗಳಲ್ಲಿ ಇದ್ದವು. ಕೆಲವು ಒಂದಡಿಗಿಂತ ಉದ್ದ. 1836ರಲ್ಲಿ ಎಡ್ವರ್ಡ್ ಹಿಚ್‌ಕಾಕ್ ಎಂಬ ಭೂವಿಜ್ಞಾನಿ ಅವನ್ನು ವಿವರಿಸಿ, ಇವು ಪುರಾತನ ದೈತ್ಯ ಹಕ್ಕಿಗಳ ಹೆಜ್ಜೆ ಎಂದು ಬರೆದರು. ಆ ಹಕ್ಕಿಗಳ ಎಲುಬು ಮಾತ್ರ ಎಲ್ಲೂ ಸಿಗಲಿಲ್ಲ. 1864ರಲ್ಲಿ ಅವರು ತೀರಿಕೊಂಡ ನಂತರ ಅವು ಡೈನೋಸಾರ್‌ಗಳ ಹೆಜ್ಜೆ ಎಂದು ತಿಳಿಯಿತು. ಹಿಚ್‌ಕಾಕ್ ತಪ್ಪಿದರು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಕಾಲನ್ನು ಅವರು ಸರಿಯಾಗಿಯೇ ಓದಿದ್ದರು, ಕಾಲಿನ ಒಡೆಯನ ಹೆಸರು ಆಗಿನ್ನೂ ಗೊತ್ತಿರಲಿಲ್ಲ, ಅಷ್ಟೆ.

ಎರಡು ಕಾಲಲ್ಲಿ ನಡೆಯುತ್ತಿದ್ದ, ಹೆಚ್ಚಿನವು ಮಾಂಸಾಹಾರಿಗಳಾಗಿದ್ದ ಈ ಡೈನೋಸಾರ್‌ಗಳ ಬಳಗಕ್ಕೆ 1881ರಲ್ಲಿ ಥೆರಾಪೋಡ್ ಎಂಬ ಹೆಸರು ಬಿತ್ತು. ಮೃಗಪಾದ ಎಂದು ಅದರ ಅರ್ಥ. ಟೈರನೋಸಾರಸ್ ಈ ಬಳಗದ್ದು. ಗದ್ದೆಯ ಬೆಳ್ಳಕ್ಕಿಯೂ ಇದೇ ಬಳಗದ್ದು.

ಬೆಳಗಾವಿಯ ನೆಲದಲ್ಲಿ ಡೈನೋಸಾರ್ ಎಲುಬು ಸಿಕ್ಕೀತೇ ಎಂದು ಮಕ್ಕಳು ಕೇಳುತ್ತಾರೆ. ನಮ್ಮ ಕಲ್ಲಿನ ಜಾತಿ ಅದಕ್ಕೆ ಒಗ್ಗುವುದಿಲ್ಲ. ಖಾನಾಪುರ ಸೀಮೆಯ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಎಲುಬೆಂಬುದೇ ಜಗತ್ತಿನಲ್ಲಿ ಇಲ್ಲದ ಕಾಲದವು. ಬೆಳಗಾವಿ ಸುತ್ತಲಿನ ಕರಿಕಲ್ಲೋ, ಲಾವಾ ಹರಿದು ಆರಿದ್ದು. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಹರಿದ ಆ ಬೆಂಕಿಯ ಹೊಳೆಗಳಲ್ಲಿ ಇಂದಿಗೂ ಐದು ಲಕ್ಷ ಚದರ ಕಿಲೋಮೀಟರಿನಷ್ಟು ಕಲ್ಲು ಉಳಿದಿದೆ. ನಮ್ಮ ಊರು ಅದರ ದಕ್ಷಿಣದ ಅಂಚು. ಸಹ್ಯಾದ್ರಿಯ ಲಾವಾ ಪದರಗಳನ್ನು ಭೂವಿಜ್ಞಾನಿಗಳು ಊರುಗಳ ಹೆಸರಿನಿಂದ ಕರೆಯುತ್ತಾರೆ: ಮಹಾಬಳೇಶ್ವರ, ಅದರ ಮೇಲೆ ಪನ್ಹಾಳ, ಎಲ್ಲಕ್ಕೂ ಮೇಲೆ ದೇಸೂರು. ಬೆಳಗಾವಿಯಿಂದ ಖಾನಾಪುರಕ್ಕೆ ರೈಲು ಹಿಡಿದರೆ ನಡುವೆ ಬರುವ ಅದೇ ದೇಸೂರು. ದೊಡ್ಡ ಡೈನೋಸಾರ್‌ಗಳ ಯುಗ ಮುಗಿದದ್ದು ಈ ಲಾವಾ ಹರಿಯುತ್ತಿದ್ದ ಕಾಲದಲ್ಲೇ. ಇತ್ತ ದಖ್ಖನ್ ಉರಿಯುತ್ತಿರುವಾಗ ಅತ್ತ ಮೆಕ್ಸಿಕೋದ ಅಂಚಿಗೆ ಕ್ಷುದ್ರಗ್ರಹವೊಂದು ಬಂದು ಅಪ್ಪಳಿಸಿತು.

ಲಾವಾಕ್ಕೆ ಮುಂಚಿನ ಭಾರತದಲ್ಲಿ ಥೆರಾಪೋಡ್‌ಗಳು ಇದ್ದವು. ಗುಜರಾತಿನ ರಾಹಿಯೋಲಿಯಲ್ಲಿ 1980ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅಗೆದು ತೆಗೆದ ಎಲುಬುಗಳಿಗೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂದು ಹೆಸರಿಟ್ಟರು. ತಲೆಯ ಮೇಲೆ ಗಿಡ್ಡ ಕೊಂಬಿದ್ದ ಪ್ರಾಣಿ ಇದು. ಹಕ್ಕಿ ಇದರ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ, ಇಬ್ಬರದೂ ದಾಯಾದಿ ನಂಟು. ಆ ನಂಟು ಎಷ್ಟು ಗಟ್ಟಿ ಎಂಬುದಕ್ಕೆ ಸಾಕ್ಷಿ ಮಡಗಾಸ್ಕರ್‌ನಲ್ಲಿದ್ದ ರಾಜಾಸಾರಸ್‌ನ ಹತ್ತಿರದ ಬಂಧು ಮಜುಂಗಾಸಾರಸ್.

ಆ ಸಾಕ್ಷಿ ಅರ್ಥವಾಗಲು ಅಡುಗೆಮನೆಗೆ ಬರಬೇಕು. ನಾನು ಚಿಕ್ಕವನಿದ್ದಾಗ ಅವ್ವ ಜವಾರಿ ಕೋಳಿ ಹಸನು ಮಾಡುವಾಗ ಪಕ್ಕದಲ್ಲಿ ಕೂತಿರುತ್ತಿದ್ದೆ. "ಕಾಲು ಒಗೀಬ್ಯಾಡ, ಸಾರಿಗೆ ಹಾಕೂಣು" ಎನ್ನುತ್ತಿದ್ದಳು. ಕೋಳಿಯ ಹುರುಪೆಗಟ್ಟಿದ ಆ ಹಳದಿ ಕಾಲನ್ನು ಮೊದಲು ಕೈಯಲ್ಲಿ ಹಿಡಿದು ನೋಡಿದ್ದು ಅಲ್ಲೇ. ಈಗ ತಿಳಿದು ನೋಡಿದರೆ ಆ ತಾಟಿನ ತುಂಬ ಥೆರಾಪೋಡ್ ಇತ್ತು. ಎದೆಯ ಮುಂದೆ ಕವಲೊಡೆದ ತೆಳ್ಳನೆಯ ಎಲುಬು ಟೈರನೋಸಾರಸ್‌ಗೂ ಇತ್ತು. ರೆಕ್ಕೆಯ ತುದಿಯನ್ನು ಬಿಡಿಸಿದರೆ ಸವೆದು ಕೂಡಿಕೊಂಡ ಮೂರು ಬೆರಳು ಕಾಣುತ್ತವೆ. ಬಲಿತ ಕೋಳಿಯ ಮೇಲ್ತೋಳಿನ ಎಲುಬು ಮುರಿದರೆ ಒಳಗೆ ಮಜ್ಜೆಯಿಲ್ಲ, ಬರೀ ಪೊಳ್ಳು.

ಆ ಪೊಳ್ಳಿನಲ್ಲೇ ಗುಟ್ಟಿದೆ. ನಾವು ಉಸಿರನ್ನು ಒಳಗೆಳೆದು ಅದೇ ದಾರಿಯಲ್ಲಿ ಹೊರಬಿಡುತ್ತೇವೆ. ಹಕ್ಕಿಯ ಮೈಯಲ್ಲಿ ಗಾಳಿಚೀಲಗಳಿವೆ. ಅವು ಕಮ್ಮಾರನ ತಿದಿಯಂತೆ ಒತ್ತುವುದರಿಂದ ಗಾಳಿ ಶ್ವಾಸಕೋಶದೊಳಗೆ ಒಂದೇ ದಿಕ್ಕಿಗೆ ಹರಿಯುತ್ತದೆ. ಈ ಚೀಲಗಳ ಕವಲುಗಳು ಎಲುಬಿನೊಳಗೂ ನುಗ್ಗುತ್ತವೆ, ನುಗ್ಗಿದಲ್ಲಿ ತೂತು ಉಳಿಯುತ್ತದೆ. ಕೋಳಿಯ ಕತ್ತಿನ ಮಣಿಗಳಲ್ಲೂ ಅಂಥ ತೂತುಗಳಿವೆ. ಮಜುಂಗಾಸಾರಸ್‌ನ ಕತ್ತು, ಬೆನ್ನಿನ ಮಣಿಗಳಲ್ಲಿಯೂ ಅದೇ ಜಾಗಗಳಲ್ಲಿ ತೂತುಗಳಿರುವುದನ್ನು 2005ರಲ್ಲಿ ತೋರಿಸಲಾಯಿತು. ರೆಕ್ಕೆ ಬಡಿಯಲು ಬೇಕಾದ ಉಸಿರಿನ ಏರ್ಪಾಡು, ಹಾರಾಟದ ಕನಸೂ ಇಲ್ಲದ ಪ್ರಾಣಿಯ ಮೈಯಲ್ಲಿ ಆಗಲೇ ಸಿದ್ಧವಾಗಿತ್ತು.

ಪುಕ್ಕದ ಕಥೆಯೂ ಹೀಗೆಯೇ. 1861ರಲ್ಲಿ ಜರ್ಮನಿಯಲ್ಲಿ ಸಿಕ್ಕ ಆರ್ಕಿಯಾಪ್ಟೆರಿಕ್ಸ್‌ಗೆ ಪುಕ್ಕವೂ ಇತ್ತು, ಹಲ್ಲೂ ಇತ್ತು. 1996ರಲ್ಲಿ ಚೀನಾದ ಸೈನೊಸಾರಾಪ್ಟೆರಿಕ್ಸ್ ಹೊರಬಂದಾಗ ಹಾರಲಾರದ ಪುಟ್ಟ ಡೈನೋಸಾರಿನ ಬೆನ್ನುದ್ದಕ್ಕೂ ನವಿರಾದ ಪುಕ್ಕದೆಳೆ ಕಂಡಿತು. ಹಾರಲು ಹುಟ್ಟಿದ್ದಲ್ಲ ಪುಕ್ಕ. ಮೈ ಬೆಚ್ಚಗಿಡಲು, ಜೋಡಿಯ ಕಣ್ಣು ಸೆಳೆಯಲು ಬಂದದ್ದು ಆಮೇಲೆ ಹಾರಾಟಕ್ಕೆ ಒದಗಿತು. ಭೀಮಗಡದ ಕಾಡಿನಲ್ಲಿ ದೊಡ್ಡ ಮಂಗಟ್ಟೆ ತಲೆಯ ಮೇಲೆ ಹಾದುಹೋದರೆ ಅದರ ರೆಕ್ಕೆಯ ಬುಸ್ ಬುಸ್ ಸದ್ದು ಹಕ್ಕಿ ಕಾಣುವ ಮೊದಲೇ ಕೇಳುತ್ತದೆ. ಆ ಸದ್ದಿನ ಹಿಂದೆ ಇಷ್ಟು ಉದ್ದದ ದಾರಿ ಇದೆ.

ನನ್ನನ್ನು ಹೆಚ್ಚು ತಟ್ಟುವುದು ಓವಿರಾಪ್ಟರ್ ಕಥೆ. 1923ರಲ್ಲಿ ಗೋಬಿ ಮರುಭೂಮಿಯಲ್ಲಿ ಇದರ ಎಲುಬು ತತ್ತಿಗಳ ಗೂಡಿನ ಮೇಲೆ ಸಿಕ್ಕಿತು. ತತ್ತಿ ಬೇರೊಂದು ಡೈನೋಸಾರಿನದು ಎಂದು ಬಗೆದು ಇದಕ್ಕೆ ತತ್ತಿಗಳ್ಳ ಎಂಬ ಅರ್ಥದ ಹೆಸರಿಟ್ಟರು. ಎಪ್ಪತ್ತು ವರ್ಷದ ನಂತರ ಅಂಥದೇ ತತ್ತಿಯೊಂದರೊಳಗೆ ಇದೇ ಬಳಗದ ಮರಿಯ ಎಲುಬು ಕಂಡಿತು. ಗೋಬಿಯಲ್ಲೇ ಇದರ ಬಂಧುವೊಂದು ಕಾಲು ಮಡಚಿ, ತೋಳುಗಳನ್ನು ಗೂಡಿನ ಸುತ್ತ ಹರಡಿ, ತತ್ತಿಗಳ ಮೇಲೆ ಕೂತಂತೆಯೇ ಕಲ್ಲಾಗಿ ಸಿಕ್ಕಿತು. ಬುಟ್ಟಿಯಲ್ಲಿ ಕಾವಿಗೆ ಕೂತ ಕೋಳಿಯನ್ನು ಕಂಡವರಿಗೆ ಆ ಭಂಗಿಯ ಗುರುತು ಹೇಳಿಕೊಡಬೇಕಿಲ್ಲ. ಕಳ್ಳನೆಂದು ಕರೆದದ್ದು ಕಾವಿಗೆ ಕೂತ ಜೀವವನ್ನು. ಹೆಸರು ಮಾತ್ರ ಹಾಗೇ ಉಳಿದಿದೆ.

ಕ್ಷುದ್ರಗ್ರಹದ ಹೊಡೆತದ ನಂತರ ಕಾಡುಗಳು ನಾಶವಾದವು. ಆಗ ಉಳಿದದ್ದು ಮರ ನೆಚ್ಚಿದ ಹಕ್ಕಿಗಳಲ್ಲ, ನೆಲದ ಮೇಲೆ ಬದುಕುತ್ತಿದ್ದ ಸಣ್ಣ ಹಕ್ಕಿಗಳು ಎಂದು 2018ರ ಅಧ್ಯಯನವೊಂದು ವಾದಿಸಿತು. ಕೋಳಿ, ಬಾತುಗಳ ಮೂಲಕ್ಕೆ ಹತ್ತಿರದ ಹಕ್ಕಿಯೊಂದರ ತಲೆಬುರುಡೆ ಬೆಲ್ಜಿಯಂನಲ್ಲಿ ಸಿಕ್ಕಿದ್ದು, 2020ರಲ್ಲಿ ಅದಕ್ಕೆ ಆಸ್ಟೀರಿಯಾರ್ನಿಸ್ ಎಂದು ಹೆಸರಿಟ್ಟರು. ಅದು ಬದುಕಿದ್ದು ಸುಮಾರು 6.67 ಕೋಟಿ ವರ್ಷದ ಹಿಂದೆ, ದೇಸೂರಿನ ಲಾವಾ ಹರಿಯುವುದಕ್ಕಿಂತ ಮೊದಲು. ನಮ್ಮ ಹಿತ್ತಲ ಕೋಳಿಯ ಮನೆತನ ಆ ಕರಿಕಲ್ಲಿಗಿಂತ ಹಳೆಯದು.

ಗದ್ದೆಯ ಹೆಜ್ಜೆಗೆ ಮರಳಿದರೆ, ಹಿಚ್‌ಕಾಕ್‌ನ ಚಪ್ಪಡಿಗೂ ನಮ್ಮ ಕೆಸರಿಗೂ ಒಂದು ವ್ಯತ್ಯಾಸ ಕಾಣುತ್ತದೆ. ಕೋಳಿಗೆ ಹಿಂದಕ್ಕೆ ತಿರುಗಿದ ನಾಲ್ಕನೆಯ ಬೆರಳೊಂದಿದೆ. ಮಂಗಟ್ಟೆ ಕೊಂಬೆಯನ್ನು ಬಿಗಿಯಾಗಿ ಹಿಡಿಯುವುದು ಅಂಥ ಬೆರಳಿನ ಆಸರೆಯಿಂದ. ಹಕ್ಕಿಯಲ್ಲದ ಹಳೆಯ ಥೆರಾಪೋಡ್‌ಗಳಲ್ಲಿ ಅದು ಹಿಂದಕ್ಕೆ ತಿರುಗಿರಲಿಲ್ಲ. ಚಿಲಿ ದೇಶದ ವಿಜ್ಞಾನಿಗಳು 2015ರಲ್ಲಿ ಕೋಳಿಯ ತತ್ತಿಯೊಳಗೇ ಈ ತಿರುವನ್ನು ನೋಡಿದರು. ಭ್ರೂಣದಲ್ಲಿ ಆ ಬೆರಳು ಮೊದಲು ತಿರುಗಿರುವುದಿಲ್ಲ. ಮರಿ ಒಳಗೆ ಸ್ನಾಯು ಮಿಡಿಸುತ್ತಿದ್ದಂತೆ ಎಲುಬು ತಿರುಚಿಕೊಂಡು ಬೆರಳು ಹಿಂದಕ್ಕೆ ಹೊರಳುತ್ತದೆ. ಮದ್ದು ಕೊಟ್ಟು ಮಿಡಿತ ನಿಲ್ಲಿಸಿದಾಗ ಬೆರಳು ಹೊರಳಲೇ ಇಲ್ಲ. ಬುಟ್ಟಿಯ ಹುಲ್ಲಿನಲ್ಲಿ ಕೋಳಿ ಇಪ್ಪತ್ತೊಂದು ದಿನ ಕಾವು ಕೊಡುವ ಪ್ರತಿ ತತ್ತಿಯೊಳಗೂ ಆ ಬೆರಳು ಹೀಗೆ ಹೊರಳುತ್ತಿರುತ್ತದೆ.